ಕಾವೇರಿ ಕೊಳ್ಳದಲ್ಲಿ ಹಸಿರು ಎಲ್ಲಿ, ಯಾವಾಗ, ಎಷ್ಟು ಬೆಳೆಯುತ್ತದೆ?

ಭಾಗಮಂಡಲದ ಸುತ್ತಲಿನ ಮಳೆಕಾಡಿನಲ್ಲಿ ಒಂದು ಎಕರೆ ತೆಗೆದುಕೊಳ್ಳಿ. ಮಂಡ್ಯದ ನಾಲೆ ಬಯಲಿನಲ್ಲಿ ಕಬ್ಬು ಹಾಕಿದ ಇನ್ನೊಂದು ಎಕರೆ ತೆಗೆದುಕೊಳ್ಳಿ. ವರ್ಷಕ್ಕೆ ಹೆಚ್ಚು ಬೆಳೆಯುವುದು ಯಾವುದು? ಕಾಡು ಅಂತಲೇ ಬಹಳ ಜನ ಹೇಳುತ್ತಾರೆ. ಲೆಕ್ಕ ಹಾಕಿ ನೋಡೋಣ.

ಮಂಡ್ಯದಲ್ಲಿ ಎಕರೆಗೆ 40 ಟನ್ ಕಬ್ಬು ಬಂತು ಅಂದುಕೊಳ್ಳಿ. ಕಬ್ಬಿನ ತೂಕದಲ್ಲಿ ಹೆಚ್ಚಿನ ಪಾಲು ನೀರು. ನೀರನ್ನು ಕಳೆದರೆ ಸುಮಾರು 12 ಟನ್ ಒಣ ಪದಾರ್ಥ ಉಳಿಯುತ್ತದೆ. ಅದೂ ಬರೀ ಜಲ್ಲೆಯ ಲೆಕ್ಕ. ಸೋಗೆ, ಬೇರು ಬೇರೆ. ಉಷ್ಣವಲಯದ ಮಳೆಕಾಡು ವರ್ಷಕ್ಕೆ ಎಕರೆಗೆ ಸರಾಸರಿ 8ರಿಂದ 9 ಟನ್ ಒಣ ಪದಾರ್ಥ ಬೆಳೆಸುತ್ತದೆ. ಎಲೆ, ಕಾಂಡ, ಬೇರು ಎಲ್ಲ ಸೇರಿ. ಕಬ್ಬು ಕಟಾವಿಗೆ ಬರಲು ವರ್ಷದ ಮೇಲೆ ಒಂದೆರಡು ತಿಂಗಳು ಬೇಕು, ನಿಜ. ಅದನ್ನು ಕಳೆದರೂ ಕಬ್ಬೇ ಮುಂದೆ.

ಇನ್ನೂ ಸೋಜಿಗ ಏನೆಂದರೆ ಭಾಗಮಂಡಲದಲ್ಲಿ ವರ್ಷಕ್ಕೆ ಸುಮಾರು 6,000 ಮಿ.ಮೀ. ಮಳೆ ಸುರಿಯುತ್ತದೆ. ಮಂಡ್ಯದಲ್ಲಿ ಸುಮಾರು 700. ಎಂಟು ಪಟ್ಟಿಗಿಂತ ಜಾಸ್ತಿ ಮಳೆ ಬೀಳುವ ಜಾಗದಲ್ಲಿ ಬೆಳವಣಿಗೆ ಎಂಟು ಪಟ್ಟು ಜಾಸ್ತಿ ಇಲ್ಲ. ಕಬ್ಬಿನ ಗದ್ದೆಗೆ ಹೋಲಿಸಿದರೆ ಕಡಿಮೆಯೇ ಇದೆ. ಹಾಗಾದರೆ ಒಂದು ನದಿಯ ಕೊಳ್ಳದಲ್ಲಿ ಎಲ್ಲಿ ಎಷ್ಟು ಹಸಿರು ಬೆಳೆಯಬೇಕು ಅನ್ನುವುದನ್ನು ತೀರ್ಮಾನಿಸುವುದು ಏನು? ಮಳೆಯ ಮೊತ್ತ ಅದರ ಒಂದು ಪಾಲು ಮಾತ್ರ. ಬೇರಿಗೆ ನೀರು ಮತ್ತು ಎಲೆಗೆ ಬಿಸಿಲು, ಎರಡೂ ಒಟ್ಟಿಗೆ ಸಿಗುವ ದಿನಗಳು ವರ್ಷದಲ್ಲಿ ಎಷ್ಟಿವೆ ಅನ್ನುವುದೇ ಮುಖ್ಯ. ಕಾವೇರಿಯ ಉದ್ದಕ್ಕೂ ಈ ಒಂದು ಮಾತನ್ನು ಹಿಡಿದು ನಡೆದರೆ ಬಹಳಷ್ಟು ಗೋಜಲು ಬಿಡಿಸಿಕೊಳ್ಳುತ್ತದೆ.

ಬೆಳವಣಿಗೆ ಬೇರೆ, ದಾಸ್ತಾನು ಬೇರೆ

ಮೊದಲು ಲೆಕ್ಕ ಸರಿ ಮಾಡಿಕೊಳ್ಳೋಣ. ಎಲೆ ಬಿಸಿಲಿನ ಶಕ್ತಿಯಿಂದ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹಿಡಿದು ಸಕ್ಕರೆ ಮಾಡುತ್ತದೆ. ಒಂದು ವರ್ಷದಲ್ಲಿ ಹೀಗೆ ಹಿಡಿದ ಒಟ್ಟು ಇಂಗಾಲವೇ ಒಟ್ಟು ಉತ್ಪಾದಕತೆ. ಆದರೆ ಗಿಡವೂ ಉಸಿರಾಡಬೇಕು, ಬೇರು ಎಲೆಗಳನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳಬೇಕು. ಹಿಡಿದದ್ದರಲ್ಲಿ ಹೆಚ್ಚು ಕಡಿಮೆ ಅರ್ಧ ಇದಕ್ಕೇ ಹೋಗುತ್ತದೆ. ಉಳಿದದ್ದು ಹೊಸ ಎಲೆ, ಹೊಸ ಬೇರು, ಕಾಂಡ, ಕಾಳು ಆಗುತ್ತದೆ. ಇದು ನಿವ್ವಳ ಉತ್ಪಾದಕತೆ. ಸಂಬಳ, ಮನೆ ಖರ್ಚು, ತಿಂಗಳ ಕೊನೆಗೆ ಉಳಿಯುವ ಹಣ ಇದ್ದ ಹಾಗೆ. ಬ್ಯಾಂಕಿನಲ್ಲಿ ವರ್ಷಗಳಿಂದ ಕೂಡಿಟ್ಟ ದುಡ್ಡು ಇದೆಯಲ್ಲ, ಅದು ಬೇರೆಯೇ ಲೆಕ್ಕ.

ಕಾಡಿನ ದೊಡ್ಡಸ್ತಿಕೆ ಇರುವುದು ಆ ಕೂಡಿಟ್ಟದ್ದರಲ್ಲಿ. ಹಳೆಯ ಮಳೆಕಾಡಿನ ಎಕರೆಯಲ್ಲಿ ನೂರು ಟನ್‌ಗೂ ಜಾಸ್ತಿ ಒಣ ಮರ ನಿಂತಿರುತ್ತದೆ. ಕಬ್ಬಿನ ಗದ್ದೆಯಲ್ಲಿ ಬೆಳೆದದ್ದೆಲ್ಲ ಗಾಡಿ ಏರಿ ಸಕ್ಕರೆ ಕಾರ್ಖಾನೆಗೆ, ಇಲ್ಲ ಆಲೆಮನೆಗೆ ಹೋಗುತ್ತದೆ. ಮರುದಿನ ಅಲ್ಲಿ ಬರೀ ಕೂಳೆ. ಹಾಗಾಗಿ ‘ಈ ಜಾಗದ ಉತ್ಪಾದಕತೆ ಹೆಚ್ಚು’ ಅಂತ ಯಾರಾದರೂ ಹೇಳಿದರೆ ಅದು ಬೆಳೆಯುವ ವೇಗದ ಮಾತು. ಅಲ್ಲಿ ಎಷ್ಟು ಹಸಿರು ಉಳಿದಿದೆ, ಎಷ್ಟು ಜೀವಿಗಳಿಗೆ ಆಸರೆ ಇದೆ ಅನ್ನುವುದಕ್ಕೂ ಅದಕ್ಕೂ ನೇರ ಸಂಬಂಧ ಇಲ್ಲ. ಇವೆರಡನ್ನು ಬೆರೆಸಿಬಿಟ್ಟರೆ ಕಾಡು ಕಡಿದು ಕಬ್ಬು ಹಾಕಿದರೂ ಲಾಭವೇ ಎಂಬ ತಪ್ಪು ತೀರ್ಮಾನಕ್ಕೆ ಬಂದುಬಿಡುತ್ತೇವೆ.

ಇನ್ನೊಂದು ಸಂಗತಿ. ಇಂಗಾಲವನ್ನು ಒಳಗೆ ತೆಗೆದುಕೊಳ್ಳಲು ಎಲೆ ತನ್ನ ಸಣ್ಣ ರಂಧ್ರಗಳನ್ನು ತೆರೆಯಲೇಬೇಕು. ತೆರೆದ ಕೂಡಲೇ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಒಂದು ಕಾರ್ಬನ್ ಡೈಆಕ್ಸೈಡ್ ಅಣು ಒಳಗೆ ಬರುವಷ್ಟರಲ್ಲಿ ನೂರಾರು ನೀರಿನ ಅಣುಗಳು ಹೊರಟುಹೋಗಿರುತ್ತವೆ. ಗಾಳಿ ಒಣಗಿದಷ್ಟೂ ಈ ನಷ್ಟ ಜಾಸ್ತಿ. ನೀರು ಸಾಲದಾದಾಗ ಗಿಡ ರಂಧ್ರ ಮುಚ್ಚಿಕೊಳ್ಳುತ್ತದೆ. ಆಗ ಬಿಸಿಲು ಎಷ್ಟೇ ಇದ್ದರೂ ಬೆಳವಣಿಗೆ ನಿಲ್ಲುತ್ತದೆ. ಬೆಳೆಯಬೇಕೆಂದರೆ ನೀರು ಖರ್ಚಾಗಲೇಬೇಕು. ಕೊಳ್ಳದ ಕಥೆಯೆಲ್ಲ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ.

ಕಬ್ಬು, ರಾಗಿ, ಜೋಳಗಳಿಗೆ ಇದರಲ್ಲಿ ಒಂದು ಅನುಕೂಲ ಇದೆ. ಅವು ಇಂಗಾಲವನ್ನು ಎಲೆಯೊಳಗೆ ಮೊದಲು ಒಂದು ಕಡೆ ಒತ್ತಾಗಿ ಸೇರಿಸಿಕೊಂಡು ಆಮೇಲೆ ಸಕ್ಕರೆ ಮಾಡುತ್ತವೆ. ಹಾಗಾಗಿ ರಂಧ್ರವನ್ನು ಕಡಿಮೆ ತೆರೆದರೂ ನಡೆಯುತ್ತದೆ, ಬಿರುಬಿಸಿಲಿನಲ್ಲೂ ಕೆಲಸ ಕೆಡುವುದಿಲ್ಲ. ಭತ್ತಕ್ಕೆ ಮತ್ತು ಕಾಡಿನ ಬಹುತೇಕ ಎಲ್ಲ ಮರಗಳಿಗೆ ಈ ಏರ್ಪಾಡು ಇಲ್ಲ. ನಾಲೆ ನೀರು, ಬಯಲು ಸೀಮೆಯ ಬಿಸಿಲು ಎರಡೂ ಸಿಕ್ಕಿದ ಕಬ್ಬು ಮಳೆಕಾಡನ್ನು ಮೀರಿ ಬೆಳೆಯುವುದು ಇದರಿಂದಲೇ.

ಮೇಲಿನಿಂದ ಅಳೆಯುವುದು ಹೇಗೆ?

ಕಾವೇರಿ ಕೊಳ್ಳದ ವಿಸ್ತಾರ 81,155 ಚದರ ಕಿ.ಮೀ. ಇಷ್ಟು ದೊಡ್ಡ ಜಾಗದ ಗಿಡಮರಗಳನ್ನು ತೂಗಿ ನೋಡಲು ಆಗುವುದಿಲ್ಲ. ಅದಕ್ಕೆ ಉಪಗ್ರಹ ಬೇಕು. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಜೋರಾಗಿ ಹಿಂದಕ್ಕೆ ಎಸೆಯುತ್ತದೆ. ಈ ಎರಡರ ವ್ಯತ್ಯಾಸದಿಂದ ಒಂದು ಸಂಖ್ಯೆ ಬರುತ್ತದೆ. ಅದಕ್ಕೆ ಎನ್‌ಡಿವಿಐ ಎನ್ನುತ್ತಾರೆ. ಬೋಳು ನೆಲಕ್ಕೆ 0.1ರಿಂದ 0.2, ದಟ್ಟ ಕಾಡಿಗೆ 0.7ರ ಮೇಲೆ. ಇದು ಎಲೆ ಎಷ್ಟಿದೆ ಎಂದು ಹೇಳುತ್ತದೆ. ಎಲೆ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಯಲು ಅದಕ್ಕೆ ಬಿಸಿಲು, ಉಷ್ಣತೆ, ಗಾಳಿಯ ಒಣತನದ ಲೆಕ್ಕವನ್ನೂ ಸೇರಿಸಬೇಕು. 1999ರ ಡಿಸೆಂಬರ್‌ನಲ್ಲಿ ನಾಸಾ ಹಾರಿಸಿದ ಟೆರ್ರಾ ಉಪಗ್ರಹದಲ್ಲಿ ಮೋಡಿಸ್ ಎಂಬ ಉಪಕರಣ ಇದೆ. ಅದರ ಮಾಹಿತಿಯಿಂದ ಇಡೀ ಭೂಮಿಯ ಉತ್ಪಾದಕತೆಯನ್ನು ಎಂಟು ದಿನಕ್ಕೊಮ್ಮೆ, 500 ಮೀಟರ್‌ನ ಚೌಕಗಳಲ್ಲಿ ಲೆಕ್ಕ ಹಾಕುತ್ತಾರೆ.

ಈ ನಕ್ಷೆಗಳು ಬಹಳ ಉಪಯುಕ್ತ. ಆದರೆ ಕಾವೇರಿಯಂಥ ಕೊಳ್ಳದಲ್ಲಿ ಎಚ್ಚರದಿಂದ ಓದಬೇಕು. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದಿರುತ್ತದೆ. ಉಪಗ್ರಹಕ್ಕೆ ನೆಲವೇ ಕಾಣುವುದಿಲ್ಲ. ದಟ್ಟ ಕಾಡಿನಲ್ಲಿ ಎನ್‌ಡಿವಿಐ ಒಂದು ಮಟ್ಟಕ್ಕೆ ಏರಿ ನಿಂತುಬಿಡುತ್ತದೆ, ಎಲೆ ಇನ್ನೂ ಹೆಚ್ಚಾದರೂ ಅದು ಹೆಚ್ಚಾಗುವುದಿಲ್ಲ. ಕಾಫಿ ತೋಟದ ಮೇಲಿಂದ ನೋಡಿದರೆ ನೆರಳಿನ ಮರದ ತಲೆ ಕಾಣುತ್ತದೆ, ಕೆಳಗಿನ ಕಾಫಿ ಗಿಡ ಕಾಣುವುದಿಲ್ಲ. ಮೋಡಿಸ್‌ನ ಉತ್ಪಾದಕತೆ ಲೆಕ್ಕದಲ್ಲಿ ಮಣ್ಣಿನ ತೇವ ನೇರವಾಗಿ ಬರುವುದಿಲ್ಲ, ಗಾಳಿ ಎಷ್ಟು ಒಣಗಿದೆ ಎಂಬುದರ ಮೇಲೆ ಅಂದಾಜು ಮಾಡುತ್ತಾರೆ. ನಾಲೆ ನೀರು ಕುಡಿದು ಬೆಳೆಯುವ ಗದ್ದೆಗೆ ಈ ಅಂದಾಜು ಕೈಕೊಡುತ್ತದೆ. ಗದ್ದೆಯ ನಿಜವಾದ ಬೆಳವಣಿಗೆಗಿಂತ ಕಡಿಮೆ ತೋರಿಸುತ್ತದೆ.

ಮಳೆ ಜಾಸ್ತಿ, ಬಿಸಿಲು ಕಡಿಮೆ

ಈಗ ತಲಕಾವೇರಿಯ ಕಡೆಗೆ ಹೋಗೋಣ. ಸಹ್ಯಾದ್ರಿಯ ನೆತ್ತಿ ಅದು. ಅರಬ್ಬಿ ಸಮುದ್ರದಿಂದ ಬರುವ ಮೋಡ ಬೆಟ್ಟ ಹತ್ತುತ್ತಲೇ ತಣ್ಣಗಾಗಿ ಸುರಿಯುತ್ತದೆ. ಮೂರ್ನಾಲ್ಕು ತಿಂಗಳಲ್ಲಿ 5,000 ಮಿ.ಮೀ.ಗೂ ಜಾಸ್ತಿ. ಒಂದು ಮಳೆಕಾಡು ಇಡೀ ವರ್ಷದಲ್ಲಿ ಬೇರಿನಿಂದ ಎಳೆದು ಗಾಳಿಗೆ ಬಿಡುವ ನೀರು, ಎಲೆ ಮೇಲಿಂದ ಆರಿಹೋಗುವ ನೀರು ಎಲ್ಲ ಸೇರಿ ಸುಮಾರು 1,000ದಿಂದ 1,200 ಮಿ.ಮೀ. ಅದಕ್ಕಿಂತ ಹೆಚ್ಚು ನೀರು ಕೊಟ್ಟರೂ ಅದು ಬಳಸಲಾರದು. ಮಿಕ್ಕಿದ್ದು ಹಳ್ಳ, ಹೊಳೆ ಸೇರುತ್ತದೆ. ಕಾವೇರಿ ಹುಟ್ಟುವುದೇ ಈ ಹೆಚ್ಚಾದ ನೀರಿನಿಂದ.

ಜುಲೈ ತಿಂಗಳಲ್ಲಿ ಕೊಡಗಿನ ಗಿಡಗಳಿಗೆ ನೀರಿಗೆ ಬರ ಇಲ್ಲ. ಬರ ಇರುವುದು ಬೆಳಕಿಗೆ. ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ. ಇದು ಪುಸ್ತಕದ ಮಾತಲ್ಲ, ಅಲ್ಲಿನ ಬೆಳೆಗಾರರು ಇದನ್ನು ತಲೆಮಾರುಗಳಿಂದ ಬಲ್ಲರು. ಮಳೆಗಾಲ ಹಿಡಿಯುವ ಮೊದಲು ಮರಗಸಿ ಮಾಡಿಸುತ್ತಾರಲ್ಲ, ಅದು ಯಾಕೆ? ನೆರಳಿನ ಮರಗಳ ಕೊಂಬೆ ಸವರಿ, ಮೋಡದ ನಡುವೆ ಬರುವ ಚೂರುಪಾರು ಬೆಳಕಾದರೂ ಕಾಫಿ ಗಿಡಕ್ಕೆ ಸಿಗಲಿ ಅಂತ. ಗಾಳಿ ಆಡಲಿ, ಕೊಳೆರೋಗ ಬಾರದಿರಲಿ ಎಂಬುದೂ ಇದೆ. ಬೇಸಿಗೆಯಲ್ಲಿ ಅದೇ ನೆರಳು ಬೇಕೇ ಬೇಕು. ಆಗ ಬೆಳಕು ಹೇರಳ, ತೇವಕ್ಕೆ ಕೊರತೆ. ಫೆಬ್ರುವರಿ, ಮಾರ್ಚ್‌ನಲ್ಲಿ ಒಂದು ಹದವಾದ ಹೂಮಳೆಗೆ ಇಡೀ ಜಿಲ್ಲೆ ಆಕಾಶ ನೋಡುತ್ತಾ ಕೂರುತ್ತದೆ. ವರ್ಷಕ್ಕೆ ಸಾವಿರಾರು ಮಿ.ಮೀ. ಮಳೆ ಬೀಳುವ ಊರಿನಲ್ಲಿ ಆ ಸಮಯದ ಇಪ್ಪತ್ತೈದು, ಮೂವತ್ತು ಮಿ.ಮೀ. ಮಳೆ ವರ್ಷದ ಫಸಲನ್ನು ನಿರ್ಧರಿಸುತ್ತದೆ. ಮಳೆಯ ಮೊತ್ತಕ್ಕಿಂತ ಅದು ಬೀಳುವ ಹೊತ್ತು ದೊಡ್ಡದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಹಾಗಾದರೆ ನಿತ್ಯಹಸಿರಿನ ಕಾಡು ಚೆನ್ನಾಗಿ ಬೆಳೆಯುವುದು ಯಾವಾಗ? ಮಳೆ ಕಡಿಮೆಯಾಗಿ ಬಿಸಿಲು ಬೀಳುವ ಅಕ್ಟೋಬರ್ ಆಚೆಗೆ. ಮಣ್ಣು ತುಂಬಾ ತೇವ ಇರುತ್ತದೆ, ಆಕಾಶ ತಿಳಿಯಾಗಿರುತ್ತದೆ. ಆಳಕ್ಕೆ ಬೇರು ಬಿಟ್ಟ ಮರಗಳು ಮುಂದಿನ ಕೆಲವು ತಿಂಗಳು ಆ ತೇವದಲ್ಲೇ ನಡೆಸುತ್ತವೆ. ಮೇಲ್ಮಣ್ಣು ಕೊಚ್ಚಿಹೋದ ಇಳಿಜಾರಿನಲ್ಲಿ ಈ ದಾಸ್ತಾನು ಬೇಗ ಮುಗಿಯುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಹೋದದ್ದು ಮನೆ, ತೋಟ ಮಾತ್ರ ಅಲ್ಲ. ನೀರು ಹಿಡಿದಿಡುವ ಮಣ್ಣೂ ಹೋಯಿತು. ಅದು ಮತ್ತೆ ಕೂಡಿಕೊಳ್ಳಲು ಎಷ್ಟೋ ತಲೆಮಾರು ಬೇಕು.

ಇನ್ನೂ ಎತ್ತರಕ್ಕೆ, ನೀಲಗಿರಿಯ ಹುಲ್ಲುಗಾವಲು ಮತ್ತು ಶೋಲಾ ಕಾಡಿನ ಕಡೆ ಹೋದರೆ ಚಳಿಯೂ ಸೇರಿಕೊಳ್ಳುತ್ತದೆ. ಜನವರಿಯಲ್ಲಿ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ತಣ್ಣಗಾಗುತ್ತದೆ. ಬೆಳವಣಿಗೆ ನಿಧಾನ. ಆದರೆ ಆ ನಿಧಾನದಿಂದಲೇ ಕೆಳಗಿನವರಿಗೆ ನೀರು ಉಳಿಯುತ್ತದೆ. ಇದನ್ನು ಸ್ವಲ್ಪ ಹೊತ್ತಿನಲ್ಲಿ ನೋಡೋಣ.

ಬೆಟ್ಟದ ಬೆನ್ನ ಹಿಂದೆ

ಭಾಗಮಂಡಲದಿಂದ ಮೈಸೂರಿಗೆ ನೇರ ಗೆರೆ ಎಳೆದರೆ ಸುಮಾರು 120 ಕಿ.ಮೀ. ಇಷ್ಟರೊಳಗೆ ಮಳೆ 6,000ದಿಂದ 800 ಮಿ.ಮೀ. ಆಸುಪಾಸಿಗೆ ಇಳಿಯುತ್ತದೆ. ಬೆಟ್ಟದ ಪಶ್ಚಿಮದಲ್ಲಿ ಮೋಡ ತನ್ನ ನೀರನ್ನೆಲ್ಲ ಸುರಿದು ಬರಿಗೈಯಲ್ಲಿ ಈ ಕಡೆ ಇಳಿಯುತ್ತದೆ. ಕಾಡೂ ಅದಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ನಿತ್ಯಹಸಿರಿನ ಕಾಡು ಮುಗಿದು ತೇಗ, ಮತ್ತಿ, ಹೊನ್ನೆ, ದಿಂಡಿಗದ ಎಲೆ ಉದುರುವ ಕಾಡು ಶುರುವಾಗುತ್ತದೆ. ನಾಗರಹೊಳೆ, ಬಂಡೀಪುರ, ಅದರಾಚೆ ಮುದುಮಲೈ. ಇಲ್ಲಿನ ಮರಗಳು ಜನವರಿ ಹೊತ್ತಿಗೆ ಎಲೆ ಕಳಚಿ, ನೀರಿನ ಖರ್ಚು ನಿಲ್ಲಿಸಿಕೊಂಡು ಕಾಯುತ್ತವೆ. ಬೆಳೆಯುವ ದಿನಗಳು ಕಡಿಮೆ, ಹಾಗಾಗಿ ವರ್ಷದ ಬೆಳವಣಿಗೆಯೂ ಕಡಿಮೆ. ಆದರೆ ಜುಲೈ, ಆಗಸ್ಟ್‌ನಲ್ಲಿ ಮಳೆ ಹದವಾಗಿ, ಮಧ್ಯೆ ಮಧ್ಯೆ ಬಿಸಿಲು ಬರುವಾಗ ಈ ಕಾಡಿನ ಓಟ ನೋಡಬೇಕು. ಆ ವಾರಗಳಲ್ಲಿ ಇದು ಮೋಡದಡಿಯ ಮಳೆಕಾಡಿಗೆ ಸರಿಸಾಟಿಯಾಗಿ ಬೆಳೆಯಬಲ್ಲದು.

ಒಂದು ವಿಚಿತ್ರ ಇದೆ. ಯುಗಾದಿ ಹೊತ್ತಿಗೆ, ಇನ್ನೂ ಮಳೆಯೇ ಬರದಿರುವಾಗ, ಬಯಲು ಸೀಮೆಯ ಹೊಂಗೆ ಮರ ತಿಳಿಹಸಿರಾಗಿ ಚಿಗುರಿ ನಿಂತಿರುತ್ತದೆ. ಸುತ್ತ ಹುಲ್ಲೆಲ್ಲ ಒಣಗಿರುತ್ತದೆ. ಹುಲ್ಲಿನ ಬೇರಿಗೆ ಎಟುಕದ ಆಳದ ತೇವ ಹೊಂಗೆಗೆ ಎಟುಕುತ್ತದೆ. ಮಳೆ ಶುರುವಾಗುವ ಮೊದಲೇ ಎಲೆ ಸಿದ್ಧ ಇದ್ದರೆ ಮೊದಲ ಹನಿಯಿಂದಲೇ ಲಾಭ. ಒಂದೇ ಜಾಗದಲ್ಲಿ ಹುಲ್ಲಿನ ಕ್ಯಾಲೆಂಡರ್ ಬೇರೆ, ಮರದ ಕ್ಯಾಲೆಂಡರ್ ಬೇರೆ.

ಕಬಿನಿ ಹಿನ್ನೀರಿನಲ್ಲೂ ಇದೇ ತತ್ವ ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಬೇಸಿಗೆಯಲ್ಲಿ ಜಲಾಶಯದ ನೀರು ಇಳಿದಂತೆ ತೇವದ ನೆಲ ಹೊರಬೀಳುತ್ತದೆ. ಮೇಲೆ ಏಪ್ರಿಲ್‌ನ ಬಿಸಿಲು. ಎರಡೂ ಕೂಡಿದ ಕೂಡಲೇ ಹಸಿರು ಹುಲ್ಲು. ಸುತ್ತಲಿನ ಕಾಡು ಒಣಗಿ ನಿಂತಿರುವಾಗ ಆನೆಗಳ ಹಿಂಡು ಹಿಂಡೇ ಅಲ್ಲಿಗೆ ಇಳಿದು ಬರುವುದು ಆ ಹುಲ್ಲಿಗಾಗಿಯೇ.

ಈ ಒಣ ಕಾಡಿಗೆ ಬೆಂಕಿಯ ಕಾಟವೂ ಇದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ನೆಲದ ಮೇಲೆ ಉದುರಿದ ಎಲೆ, ಒಣ ಹುಲ್ಲು, ಲಂಟಾನದ ಪೊದೆ ಎಲ್ಲ ಉರುವಲು. 2019ರಲ್ಲಿ ಬಂಡೀಪುರದಲ್ಲಿ ದೊಡ್ಡ ಬೆಂಕಿ ಬಿದ್ದದ್ದು ನೆನಪಿರಬಹುದು. ಮುದುಮಲೈಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 1988ರಿಂದ 50 ಹೆಕ್ಟೇರ್ ಕಾಡನ್ನು ಗುರುತು ಮಾಡಿಟ್ಟುಕೊಂಡು, ಒಂದು ಸೆಂ.ಮೀ. ದಪ್ಪದ ಕಾಂಡದಿಂದ ಹಿಡಿದು ಪ್ರತಿ ಗಿಡವನ್ನೂ ಲೆಕ್ಕ ಇಟ್ಟು ಗಮನಿಸುತ್ತಿದ್ದಾರೆ. ಉಪಗ್ರಹಕ್ಕೆ ಹಸಿರಾಗಿ ಕಾಣುವುದು ಮರವೋ ಲಂಟಾನವೋ ಅಂತ ಹೇಳುವುದು ಇಂಥ ನೆಲಮಟ್ಟದ ಕೆಲಸ ಮಾತ್ರ. ದಶಕಗಟ್ಟಲೆ ತಾಳ್ಮೆಯಿಂದ ಮಾಡುವ ಈ ಎಣಿಕೆಯ ಬಗ್ಗೆ ನನಗೆ ತುಂಬಾ ಗೌರವ.

ಖುಷ್ಕಿ ಹೊಲ, ನಾಲೆ ಗದ್ದೆ

ಮೈಸೂರು, ಚಾಮರಾಜನಗರ, ತುಮಕೂರಿನ ಕೆಂಪು ಮಣ್ಣಿನ ಹೊಲಗಳಲ್ಲಿ ನೀರು ಬಹಳ ಹೊತ್ತು ನಿಲ್ಲುವುದಿಲ್ಲ. ಇಲ್ಲಿ ಮಳೆ ಕಡಿಮೆ ಅನ್ನುವುದಕ್ಕಿಂತ ಮಳೆ ಮಳೆಯ ನಡುವಿನ ಅಂತರವೇ ಬೆಳೆಯನ್ನು ಕಾಡುತ್ತದೆ. ರಾಗಿ ತೆನೆ ಒಡೆಯುವ ಹೊತ್ತಿಗೆ ಹಸ್ತ, ಚಿತ್ತೆ ಮಳೆ ಕೈಕೊಟ್ಟರೆ, ಜೂನ್‌ನಲ್ಲಿ ಎಷ್ಟೇ ಸುರಿದಿದ್ದರೂ ಕಾಳು ಕಟ್ಟುವುದಿಲ್ಲ. ಹಿರಿಯರು ರಾಗಿ ಸಾಲಿನ ನಡುವೆ ಅವರೆಯ ಅಕ್ಕಡಿ ಹಾಕುತ್ತಿದ್ದದ್ದು ಇದಕ್ಕೆ ಉತ್ತರವಾಗಿಯೇ. ರಾಗಿ ಕೊಯ್ದ ಮೇಲೂ ಅವರೆ ಮಣ್ಣಲ್ಲಿ ಉಳಿದ ತೇವ, ಇಬ್ಬನಿ ನಂಬಿಕೊಂಡು ಜನವರಿವರೆಗೆ ಹಸಿರಾಗಿರುತ್ತದೆ. ಒಂದೇ ಮಳೆಯಲ್ಲಿ ಹೊಲದ ಹಸಿರು ದಿನಗಳು ಒಂದೆರಡು ತಿಂಗಳು ಹೆಚ್ಚಿದವು. ಬರೀ ರಾಗಿ ಅಥವಾ ಬರೀ ಮುಸುಕಿನ ಜೋಳ ಹಾಕಿದ ಹೊಲದಲ್ಲಿ ಆ ದಿನಗಳು ಖಾಲಿ ಹೋಗುತ್ತವೆ.

ಅಲ್ಲಿಂದ ಕೆಲವೇ ಮೈಲಿ ದೂರದಲ್ಲಿ ಮಂಡ್ಯದ ಅಚ್ಚುಕಟ್ಟು. ಮಳೆ ಅಷ್ಟೇ. ಮಣ್ಣೂ ಬಹಳ ಬೇರೆ ಇಲ್ಲ. ಆದರೆ 1930ರ ದಶಕದಿಂದ ಕೆಆರ್‌ಎಸ್ ಅಣೆಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿಯುತ್ತಿದೆ. ಬೆಟ್ಟದ ಮೇಲೆ ಬಿಸಿಲಿಲ್ಲದ ತಿಂಗಳಲ್ಲಿ ಬಿದ್ದ ನೀರನ್ನು ಹಿಡಿದಿಟ್ಟು, ಬಿಸಿಲಿರುವ ಬಯಲಿಗೆ, ಬಿಸಿಲಿರುವ ತಿಂಗಳಲ್ಲಿ ಕೊಡುವುದು. ಅಣೆಕಟ್ಟೆ ಮಾಡುವುದು ಇದನ್ನೇ. ನೀರನ್ನು ಜಾಗದಿಂದ ಜಾಗಕ್ಕೆ ಮಾತ್ರ ಒಯ್ಯುವುದಿಲ್ಲ, ತಿಂಗಳಿಂದ ತಿಂಗಳಿಗೂ ಒಯ್ಯುತ್ತದೆ. 700 ಮಿ.ಮೀ. ಮಳೆಯ ನಾಡಿನಲ್ಲಿ 1,500 ಮಿ.ಮೀ.ಗೂ ಹೆಚ್ಚು ನೀರು ಬೇಡುವ ಕಬ್ಬು ಬೆಳೆಯುವ ಗುಟ್ಟು ಇಷ್ಟೇ. ಅದಕ್ಕೆ ಬೆಲೆಯೂ ಇದೆ. ನೀರು ಬಸಿಯದ ತಗ್ಗುಗಳಲ್ಲಿ ಮಣ್ಣು ಸವಳಾಗುತ್ತದೆ. ಆಮೇಲೆ ನೀರಿದ್ದೂ ಬೆಳೆ ಇಲ್ಲ.

ಉಪಗ್ರಹದ ಚಿತ್ರದಲ್ಲಿ ಬೇಸಿಗೆಯ ಮಂಡ್ಯ ನೋಡಿದರೆ ನಾಲೆಯ ಗೆರೆ ಎದ್ದು ಕಾಣುತ್ತದೆ. ನಾಲೆಯ ಕೆಳಗೆ ಕಡುಹಸಿರು, ಮೇಲೆ ಕಂದು. ಇದಕ್ಕಿಂತ ಮುಂದೆ ಕೊಳ್ಳೇಗಾಲ, ಹನೂರು, ಮಲೆ ಮಹದೇಶ್ವರ ಬೆಟ್ಟದ ತಪ್ಪಲು, ಹೊಗೇನಕಲ್‌ವರೆಗೆ ನದಿ ಕುರುಚಲು ಕಾಡಿನ ನಡುವೆ ಹರಿಯುತ್ತದೆ. ಇಲ್ಲಿ ದಂಡೆಯ ಹೊಳೆಮತ್ತಿ ಮರಗಳು ವರ್ಷವಿಡೀ ಹಸಿರು. ನದಿಯಿಂದ ನಾಲ್ಕು ಹೆಜ್ಜೆ ಆಚೆ ಹೋದರೆ ಮುಳ್ಳುಗಿಡ. ನೀರು ಕಣ್ಣೆದುರೇ ಹರಿಯುತ್ತಿದ್ದರೂ ಬೇರಿಗೆ ಎಟುಕದಿದ್ದರೆ ಪ್ರಯೋಜನ ಇಲ್ಲ.

ತಮಿಳುನಾಡಿನ ಮುಖಜ ಭೂಮಿಗೆ ಬಂದರೆ ಲೆಕ್ಕ ಮತ್ತೆ ತಿರುಗುತ್ತದೆ. ತಂಜಾವೂರು, ತಿರುವಾರೂರು, ನಾಗಪಟ್ಟಿಣದಲ್ಲಿ ಹೆಚ್ಚು ಮಳೆ ಬೀಳುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ. ಜೂನ್‌ನಲ್ಲಿ ಅಲ್ಲಿ ಸುಡುಬಿಸಿಲು. 1934ರಲ್ಲಿ ಕಟ್ಟಿ ಮುಗಿಸಿದ ಮೆಟ್ಟೂರು ಅಣೆಕಟ್ಟೆಯಿಂದ ವಾಡಿಕೆಯಂತೆ ಜೂನ್ 12ಕ್ಕೆ ನೀರು ಬಿಡುತ್ತಾರೆ. ಆ ನೀರಿಗೆ ಕುರುವೈ ಭತ್ತ. ಆಮೇಲೆ ಸಾಂಬಾ ಭತ್ತಕ್ಕೆ ನದಿ ನೀರಿನ ಜೊತೆ ಹಿಂಗಾರು ಮಳೆಯೂ ಕೂಡುತ್ತದೆ. ಸಹ್ಯಾದ್ರಿಯ ಮುಂಗಾರು ಮತ್ತು ಬಂಗಾಳ ಕೊಲ್ಲಿಯ ಹಿಂಗಾರು ಎರಡನ್ನೂ ಒಂದೇ ಗದ್ದೆ ಕುಡಿಯುವುದರಿಂದ ಮುಖಜ ಭೂಮಿಯ ಹಸಿರು ಋತು ಅಷ್ಟು ಉದ್ದ. ಸಮುದ್ರದ ಅಂಚಿನಲ್ಲಿ ಉಪ್ಪು ಒಳಗೆ ಬರುತ್ತದೆ. ಮುತ್ತುಪೇಟೆಯ ಕಾಂಡ್ಲಾ ಕಾಡಿನಂಥ ಉಪ್ಪು ತಾಳುವ ಗಿಡಗಳು ಮಾತ್ರ ಅಲ್ಲಿ ನಿಲ್ಲುತ್ತವೆ.

ಬರ ಎಲ್ಲರಿಗೂ ಒಂದೇ ಅಲ್ಲ

2023ರಲ್ಲಿ ಮುಂಗಾರು ಕೈಕೊಟ್ಟಿತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದರು. ಇಂಥ ವರ್ಷದಲ್ಲಿ ಕೊಳ್ಳದ ಎಲ್ಲ ಕಡೆ ಬೆಳವಣಿಗೆ ಒಂದೇ ಸಮನೆ ಕುಸಿಯಬೇಕಾಗಿಲ್ಲ. 6,000 ಮಿ.ಮೀ. ಬೀಳುವ ಕಡೆ 4,000 ಬಿದ್ದರೂ ಮಳೆಕಾಡಿಗೆ ಬೇಕಾದಷ್ಟು ನೀರು ಇರುತ್ತದೆ. ಮೋಡ ಕಡಿಮೆಯಾದ್ದರಿಂದ ಬೆಳಕು ಸ್ವಲ್ಪ ಹೆಚ್ಚೇ ಸಿಗಬಹುದು. ಆದರೆ ಮರ ಕುಡಿದು ಮಿಕ್ಕ ನೀರು ತಾನೇ ಹೊಳೆಗೆ ಬರುವುದು? ಮಳೆ ಮೂರನೇ ಒಂದು ಪಾಲು ಕಡಿಮೆಯಾದರೆ ಹೊಳೆಯ ನೀರು ಅದಕ್ಕಿಂತ ದೊಡ್ಡ ಪಾಲು ಕಡಿಮೆಯಾಗುತ್ತದೆ. ಕೊಡಗಿನಲ್ಲಿ ಬೀಳದ ಮಳೆಯ ಪೆಟ್ಟು ಕೊಡಗಿನ ಕಾಡಿಗಿಂತ ಜೋರಾಗಿ ಬೀಳುವುದು ನೂರಾರು ಕಿ.ಮೀ. ದೂರದ ಮದ್ದೂರಿನ ಗದ್ದೆಗೆ, ತಂಜಾವೂರಿನ ಗದ್ದೆಗೆ. ಖುಷ್ಕಿ ಹೊಲದ ರಾಗಿಗೆ ತನ್ನ ತಲೆ ಮೇಲಿನ ಮೋಡದ್ದಷ್ಟೇ ಚಿಂತೆ. ನಾಲೆ ಕೊನೆಯ ರೈತನಿಗೆ ಎರಡು ಆಕಾಶಗಳ ಚಿಂತೆ.

ಹಸಿರು ಹೆಚ್ಚಿತು, ಹೊಳೆ ಬತ್ತಿತು

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಸಂಗತಿ ಇಲ್ಲಿದೆ. 2019ರಲ್ಲಿ ಬಂದ ಒಂದು ಅಧ್ಯಯನ ಮೋಡಿಸ್ ಮಾಹಿತಿ ನೋಡಿ, 2000ದ ನಂತರ ಜಗತ್ತಿನ ಹಸಿರು ಹೆಚ್ಚಳದಲ್ಲಿ ಚೀನಾ, ಭಾರತ ಮುಂದಿವೆ ಎಂದಿತು. ಸುದ್ದಿ ಕೇಳಿ ಬಹಳ ಜನ ಖುಷಿಪಟ್ಟರು. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿತ್ತು. ಭಾರತದ ಹೆಚ್ಚಳದಲ್ಲಿ ಶೇ 82ರಷ್ಟು ಬೆಳೆ ಭೂಮಿಯದು. ಕಾಡಿನ ಪಾಲು ಶೇ 4.4 ಮಾತ್ರ. ನೀರಾವರಿ, ಗೊಬ್ಬರ, ವರ್ಷಕ್ಕೆ ಎರಡು ಮೂರು ಬೆಳೆ. ಇದರಲ್ಲಿ ಅಂತರ್ಜಲದ ಪಾಲು ದೊಡ್ಡದು. ಎಷ್ಟೋ ಕಡೆ ಬೋರ್‌ವೆಲ್‌ನಿಂದ ಎತ್ತಿದಷ್ಟು ನೀರು ಮತ್ತೆ ಇಂಗುತ್ತಿಲ್ಲ. ನಕ್ಷೆಯಲ್ಲಿ ಹಸಿರಾಗಿ ಕಾಣುವ ಜಾಗ ನೆಲದಡಿ ಖಾಲಿಯಾಗುತ್ತಿರಬಹುದು.

ಅರ್ಕಾವತಿಯನ್ನು ನೋಡಿ. ನಂದಿ ಬೆಟ್ಟದ ಕಡೆಯಿಂದ ಹುಟ್ಟಿ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ದಾಟಿ ಕಾವೇರಿ ಸೇರುವ ನದಿ. ಬೆಂಗಳೂರಿಗೆ ಒಂದು ಕಾಲದಲ್ಲಿ ಕುಡಿಯುವ ನೀರು ಕೊಟ್ಟದ್ದು ಇದೇ. ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಬರುವ ನೀರು ದಶಕಗಳಲ್ಲಿ ತೀರಾ ಕುಸಿಯಿತು. ಮಳೆ ಅಷ್ಟು ಕಡಿಮೆಯಾಗಿರಲಿಲ್ಲ. ಪರಿಸರ ಅಧ್ಯಯನ ನಡೆಸುವ ಬೆಂಗಳೂರಿನ ಏಟ್ರಿ ಸಂಸ್ಥೆಯ ಸಂಶೋಧಕರು ಹುಡುಕಿದಾಗ ಸಿಕ್ಕ ಮುಖ್ಯ ಕಾರಣಗಳು ಅಂತರ್ಜಲ ಎತ್ತುವಿಕೆ ಮತ್ತು ನೀಲಗಿರಿ (ಯೂಕಲಿಪ್ಟಸ್) ತೋಪು. ರಾಗಿ ಹೊಲ ನಾಲ್ಕು ತಿಂಗಳು ನೀರು ಬಳಸಿ ಸುಮ್ಮನಾಗುತ್ತದೆ. ನೀಲಗಿರಿ ಮರ ಆಳದಿಂದ ಎಳೆದು ವರ್ಷವಿಡೀ ಬಳಸುತ್ತದೆ. ಉತ್ಪಾದಕತೆಯ ನಕ್ಷೆಯಲ್ಲಿ ರಾಗಿ ಹೊಲ ನೀಲಗಿರಿ ತೋಪಾದದ್ದು ಪ್ರಗತಿಯ ಹಾಗೆ ಕಾಣುತ್ತದೆ. ಹೊಳೆಗೆ ಅದು ನಷ್ಟ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಊಟಿ ಹತ್ತಿರದ ಗ್ಲೆನ್‌ಮಾರ್ಗನ್‌ನಲ್ಲಿ ಇದನ್ನು ಅಳೆದೇ ನೋಡಿದ್ದಾರೆ. ಅಕ್ಕಪಕ್ಕದ ಎರಡು ಸಣ್ಣ ಕಣಿವೆಗಳು. ಒಂದನ್ನು ಹುಲ್ಲುಗಾವಲಾಗಿಯೇ ಬಿಟ್ಟು, ಇನ್ನೊಂದರ ಅರ್ಧಕ್ಕಿಂತ ಹೆಚ್ಚು ಜಾಗದಲ್ಲಿ ನೀಲಗಿರಿ ನೆಟ್ಟರು. ಮೊದಲ ಹತ್ತು ವರ್ಷಗಳಲ್ಲಿ ಹರಿದು ಬರುವ ನೀರು ಸುಮಾರು ಶೇ 16ರಷ್ಟು ಇಳಿಯಿತು. ನಿಧಾನವಾಗಿ ಬೆಳೆಯುವ ಆ ಹುಲ್ಲು ಕೆಳಗಿನ ಭವಾನಿ ನದಿಯ ಸೀಮೆಗೆ ನೀರು ಉಳಿಸಿಕೊಡುತ್ತಿತ್ತು. ಬೋಳು ಗುಡ್ಡ ಕಂಡಲ್ಲೆಲ್ಲ ಮರ ನೆಡಬೇಕು ಅನ್ನುವ ಉತ್ಸಾಹ ಒಳ್ಳೆಯದೇ. ಆದರೆ ನೆಡುವ ಮೊದಲು ಆ ಜಾಗದಲ್ಲಿ ಈಗ ಏನಿದೆ, ಯಾವ ಮರ, ಎಷ್ಟು ನೀರು, ಆ ನೀರು ಈಗ ಯಾರಿಗೆ ಹೋಗುತ್ತಿದೆ ಅಂತ ಕೇಳಲೇಬೇಕು.

ಇಡೀ ಕೊಳ್ಳದ ಲೆಕ್ಕವನ್ನೂ ಹೀಗೇ ನೋಡಬಹುದು. ಕಾವೇರಿ ನ್ಯಾಯಮಂಡಳಿ 2007ರಲ್ಲಿ ನದಿಯ ಒಟ್ಟು ನೀರು 740 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಎಂದು ಇಟ್ಟುಕೊಂಡಿತು. ಅದನ್ನು ಕೊಳ್ಳದ ಇಡೀ ನೆಲದ ಮೇಲೆ ಸಮನಾಗಿ ಹರಡಿದರೆ ಸುಮಾರು 258 ಮಿ.ಮೀ. ಎತ್ತರಕ್ಕೆ ನಿಲ್ಲುತ್ತದೆ. ಆದರೆ ಕೊಳ್ಳದಲ್ಲಿ ಬೀಳುವ ಸರಾಸರಿ ಮಳೆ 1,000 ಮಿ.ಮೀ.ಗೂ ಸ್ವಲ್ಪ ಜಾಸ್ತಿ. ಅಂದರೆ ಬಿದ್ದ ಮಳೆಯ ನಾಲ್ಕನೇ ಒಂದು ಪಾಲು ಮಾತ್ರ ನದಿಯ ಲೆಕ್ಕಕ್ಕೆ ಬರುತ್ತದೆ. ಮಿಕ್ಕ ಸುಮಾರು ಮುಕ್ಕಾಲು ಪಾಲು ಕಾಡು, ಕಾಫಿ ತೋಟ, ರಾಗಿ ಹೊಲ, ಹುಲ್ಲು, ಮಣ್ಣು ಇವುಗಳ ಮೂಲಕ ಮತ್ತೆ ಗಾಳಿಗೆ ಹೋಗುತ್ತದೆ. ಕರ್ನಾಟಕ, ತಮಿಳುನಾಡು, ಕೇರಳ, ಪುದುಚೇರಿ ಕೋರ್ಟಿನಲ್ಲಿ ಹಂಚಿಕೊಂಡದ್ದು ಆ ಕಾಲು ಭಾಗವನ್ನು. ಮುಕ್ಕಾಲು ಭಾಗವನ್ನು ಯಾರೂ ಹಂಚಿಲ್ಲ. ಸಕಲೇಶಪುರದ ಇಳಿಜಾರಿನಲ್ಲಿ, ಕುಣಿಗಲ್‌ನ ತೆಂಗಿನ ತೋಟದಲ್ಲಿ, ನೀಲಗಿರಿಯ ಹುಲ್ಲಿನಲ್ಲಿ ಏನು ಬೆಳೆಯಬೇಕು ಅಂತ ಜನ ತೀರ್ಮಾನಿಸಿದಾಗಲೆಲ್ಲ ಅದು ಹಂಚಿಕೆಯಾಗುತ್ತದೆ. ಆ ಮುಕ್ಕಾಲು ಪಾಲಿನಲ್ಲಿ ಹತ್ತನೇ ಒಂದಂಶ ಹೆಚ್ಚು ಕಡಿಮೆಯಾದರೆ ಅದು 200 ಟಿಎಂಸಿಗೂ ಮೇಲೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಕರ್ನಾಟಕ ಗಡಿಯ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ವರ್ಷಕ್ಕೆ ಬಿಡಬೇಕಾದ ನೀರು 177.25 ಟಿಎಂಸಿ.